ಭಾವನ ಗಾಡಿಯ ಹಿಂದಿನ ಸ್ಪ್ರಿಂಗ್

ಹೋದ ವಾರ ಅಟ್ಟದ ಮೇಲಿನ ತಗಡಿನ ಡಬ್ಬಿ ಇಳಿಸಿದಾಗ ತಳದಲ್ಲಿ ಆ ಸ್ಪ್ರಿಂಗ್ ಸಿಕ್ಕಿತು. ಗೇಣುದ್ದದ ಕಬ್ಬಿಣದ ಸುರುಳಿ. ಕೈಗೆ ಹತ್ತಿದ್ದು ತುಕ್ಕು. ಮೂಗಿಗೆ ಬಂದದ್ದು ಗ್ರೀಸಿನ ವಾಸನೆ, ಅದರ ಹಿಂದೆಯೇ ಉಪ್ಪುನೀರಿನಲ್ಲಿ ನೆನೆದ ಹಲಗೆಯ ವಾಸನೆ. ಇಷ್ಟು ವರ್ಷದ ಮೇಲೆ ಕಬ್ಬಿಣದಲ್ಲಿ ಹಲಗೆಯ ವಾಸನೆ ಉಳಿಯುವುದಿಲ್ಲ ಎಂದು ನನಗೂ ಗೊತ್ತು. ಆದರೂ ಬಂತು.

ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಅರವತ್ತರ ದಶಕ ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ದೀಪಾವಳಿ ಕಳೆದಿತ್ತು. ಬೆಳಗಿನ ಬಿಸಿಲು ಹೊಳೆಯ ಮೇಲೆ ಚೆನ್ನಾಗಿ ಬಿದ್ದಿತ್ತು. ನಾನು ನಿಂತದ್ದು ಶರಾವತಿಯ ಕಾಸರಕೋಡ ದಡದಲ್ಲಿ, ಜಂಗಲ್ಲಿಗೆ ಹತ್ತಲು ಹಾಕಿದ ಹಲಗೆಯ ಎಡಬದಿಗೆ, ಕೈ ಚಾಚಿದರೆ ಹಲಗೆ ಮುಟ್ಟುವಷ್ಟು ಹತ್ತಿರ. ಆಗ ಅಲ್ಲಿ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ಲೇ ಗಾಡಿಗಳನ್ನು ಹೊನ್ನಾವರಕ್ಕೆ ದಾಟಿಸುತ್ತಿತ್ತು. ನಾನು ಹೊನ್ನಾವರದ ಮೋಜಣಿ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಹಿಂದಿನ ದಿನ ಈಚೆ ದಡದಲ್ಲಿ ಗದ್ದೆ ಅಳೆದು, ಅಲ್ಲೇ ಉಳಿದು, ಅಳತೆ ಸರಪಳಿಯ ಚೀಲ ಹೊತ್ತು ಮರಳುತ್ತಿದ್ದೆ.

ಆಗ ಭಟ್ಕಳದ ಕಡೆಯಿಂದ ಭಾವ ಬಂದರು, ನನ್ನ ಅಕ್ಕನ ಗಂಡ. ಹೆಂಚಿನ ಕಾರ್ಖಾನೆಯೊಂದರ ಏಜೆಂಟರಾಗಿ ಭಟ್ಕಳದಿಂದ ಕುಮಟೆಯವರೆಗೆ ಮೋಟಾರ್‌ಸೈಕಲ್ಲಿನಲ್ಲಿ ತಿರುಗುವುದು ಅವರ ಕೆಲಸ. ಮುಂಬಯಿಯಿಂದ ತರಿಸಿದ ಹಳೆಯ ವಿಲಾಯತಿ ಗಾಡಿ ಅದು. ನಮ್ಮ ಕಡೆ ಓಡುತ್ತಿದ್ದ ಉಳಿದವೆಲ್ಲ ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಗಾಡಿಗಳು. ಅವುಗಳ ಹಿಂಚಕ್ರಕ್ಕೆ ಸ್ಪ್ರಿಂಗೇ ಇರಲಿಲ್ಲ. ಭಾವನ ಗಾಡಿಗೆ ಮಾತ್ರ ಹಿಂಚಕ್ರದ ಎರಡೂ ಬದಿಗೆ ನೆಟ್ಟಗೆ ನಿಂತ ಸ್ಪ್ರಿಂಗ್ ಇತ್ತು. ಅದರ ತಗಡಿನ ಕವಚ ಎಂದೋ ಬಿದ್ದುಹೋಗಿ ಸುರುಳಿ ಹೊರಗೆ ಕಾಣುತ್ತಿತ್ತು. ಕೂತರೆ ಬೆನ್ನು ನೋಯುವುದಿಲ್ಲ ಎಂದು ಅಕ್ಕನಿಗೆ ಆ ಗಾಡಿಯೆಂದರೆ ಇಷ್ಟ. ಒಂದು ಬದಿಗೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು...

ಅಕ್ಕ ಆ ವರ್ಷದ ಬೇಸಿಗೆಯಲ್ಲೇ ತೀರಿಕೊಂಡಿದ್ದಳು. ಜ್ವರ ತಲೆಗೇರಿದಾಗ ಭಾವ ಬಸ್ಸಿಗೆ ಕಾಯದೆ, ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೀಳದಂತೆ ಸೀರೆಯಿಂದ ತಮ್ಮ ಸೊಂಟಕ್ಕೆ ಕಟ್ಟಿಕೊಂಡು ಹೊನ್ನಾವರದ ಡಾಕ್ಟರರಲ್ಲಿಗೆ ಹೊರಟಿದ್ದರು. ಶಿರಾಲಿಯಲ್ಲಿ ಅವಳು ನೀರು ಕೇಳಿದಳಂತೆ. ಅಂಗಡಿಯ ಮುಂದೆ ನಿಲ್ಲಿಸಿ ಕುಡಿಸಿದರು. ಆಮೇಲೆ ಅವಳು ಮಾತಾಡಲಿಲ್ಲ. ಕಾಸರಕೋಡದಲ್ಲಿ, ಹಿಂದೆ ಕೂತವರು ಇಳಿಯಬೇಕು ಎಂದು ಜಂಗಲ್ ನಡೆಸುವ ತಾರಿಯವರು ಹೇಳಿದಾಗ ಭಾವ ಅವಳಿಗೆ ಇಳಿಯಲು ಹೇಳಿದರು. ಅವಳು ಇಳಿಯಲಿಲ್ಲ. ಶಿರಾಲಿಗೂ ಹೊಳೆಗೂ ನಡುವೆ ಯಾವ ಜಾಗದಲ್ಲಿ ಅವಳ ಜೀವ ಹೋಯಿತೆಂದು ಭಾವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ತಾರಿಯವರ ಒಂದು ಕ್ರಮವನ್ನು ಇಲ್ಲಿ ಹೇಳಬೇಕು. ಗಾಡಿ ಹತ್ತುವಾಗ ಒಬ್ಬ ಹಲಗೆಯ ಪಕ್ಕ ಮೊಳಕಾಲುದ್ದ ನೀರಿನಲ್ಲಿ ನಿಂತಿರುತ್ತಿದ್ದ. ಅವನು ಸವಾರನ ಮುಖ ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ಚಕ್ರದ ಹತ್ತಿರದ ಸ್ಪ್ರಿಂಗ್ ನೋಡುತ್ತಿದ್ದ. ಕುಸಿದಿದ್ದರೆ ಜನರನ್ನು ಇಳಿಸುವುದು. ಎದ್ದರೆ ‘ಆತು, ಬನ್ನಿ’ ಎನ್ನುವುದು. ಬಸ್ಸಿಗೂ ಅದೇ, ಲಾರಿಗೂ ಅದೇ. ಆ ದಿನ ನಿಂತಿದ್ದವನು ಹರೆಯದವನು, ಮಳೆಗಾಲ ಮುಗಿದ ಮೇಲೆ ಕೆಲಸಕ್ಕೆ ಸೇರಿದವನು. ಅಕ್ಕ ಇಳಿಯದೇ ಹೋದ ದಿನ ಅವನು ಅಲ್ಲಿರಲಿಲ್ಲ.

ಭಾವ ಒಬ್ಬರೇ ಬಂದಿದ್ದರು. ಹಿಂದಿನ ಸೀಟು ಖಾಲಿ. ತಾರಿಯವ ಸ್ಪ್ರಿಂಗ್ ನೋಡಿ, ತಲೆ ಎತ್ತದೆ ಹೇಳಿದ:

“ಒಡ್ಯಾ, ಅಮ್ಮೋರ್ನ ಇಳ್ಸಿ.”

ನಾನೂ ಬಗ್ಗಿ ನೋಡಿದೆ. ಸುರುಳಿಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಭಾವ ಅವನನ್ನು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಹಿಂದೆ ತಿರುಗಲೂ ಇಲ್ಲ. ಎರಡೂ ಕಾಲು ನೆಲಕ್ಕೆ ಊರಿ, ಹ್ಯಾಂಡಲ್ ಹಿಡಿದು, ಮನೆಯೊಳಗೆ ಮಾತಾಡುವಷ್ಟೇ ದನಿಯಲ್ಲಿ, “ಇಳಿ” ಎಂದರು.

ಸ್ಪ್ರಿಂಗ್ ಎದ್ದಿತು. ಒಮ್ಮೆಗೇ ಅಲ್ಲ. ಮೊದಲು ಸ್ವಲ್ಪ, ನಡುವೆ ಒಂದು ತಡೆ, ಆಮೇಲೆ ಪೂರ್ತಿ. ನೆರಿಗೆ ಹಿಡಿದುಕೊಂಡು ಒಂದು ಕಾಲು ನೆಲಕ್ಕೆ ತಾಗಿಸಿ ಇಳಿಯುವವರ ಹಾಗೆ. ಭಾವ ಸೀಟಿನಿಂದ ಎದ್ದಿರಲಿಲ್ಲ. ಅದನ್ನು ನಾನು ಬೇಕೆಂದೇ ನೋಡಿಕೊಂಡೆ.

“ಆತು, ಬನ್ನಿ” ಎಂದ ತಾರಿಯವ.

ಹೊಳೆ ದಾಟಿದೆವು. ಹೊನ್ನಾವರದಲ್ಲಿ ಚಾ ಅಂಗಡಿಯ ಬೆಂಚಿನ ಮೇಲೆ ಕೂತ ಮೇಲೆ ಭಾವ ಹೇಳಿದರು. ಅಕ್ಕ ತೀರಿಕೊಂಡ ತಿಂಗಳಿಂದಲೇ ಶುರುವಾಗಿತ್ತಂತೆ. ಭಟ್ಕಳದಿಂದ ಶಿರಾಲಿಯವರೆಗೆ ಏನೂ ಇಲ್ಲ. ಆ ಅಂಗಡಿ ದಾಟಿದ ಮೇಲೆ ಗಾಡಿ ಹಿಂದೆ ಜಗ್ಗುತ್ತದೆ. ಬೆನ್ನು ತಣ್ಣಗಾಗುತ್ತದೆ. ಸ್ಪ್ರಿಂಗ್ ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು ಎಂದು ನಾನು ಹೇಳಿದೆ. ಅವರು ಬಸಿಯಲ್ಲಿದ್ದ ಚಾ ಕುಡಿಯದೆ ನೋಡುತ್ತ ಕೂತರು.

“ನಂಗೆ ಹೆದ್ರಿಕೆ ಆಗ್ತದೆ ಮಾರಾಯ. ಹಿಂದಿನ ಸೀಟೂ ಸ್ಪ್ರಿಂಗೂ ಇಲ್ದಂಗೆ ಮಾಡ್ಸಬೇಕು. ಕೂರೂಕೆ ಜಾಗ ಇದ್ರಲ್ವ?”

ಕುಮಟೆಯಲ್ಲಿ ಗ್ಯಾಸ್ ಬೆಸುಗೆ ಮಾಡುವ ಮೇಸ್ತ್ರಿಯೊಬ್ಬರಿದ್ದರು. ಬಸ್ಸುಗಳ ಚಾಸಿ ಜೋಡಿಸುವವರು, ದೊಡ್ಡ ಬಾಯಿಯವರು. ರಜೆ ಹಾಕಿ ನಾನೂ ಭಾವನ ಜೊತೆ ಹೋದೆ. ಮೇಸ್ತ್ರಿ ಮೊದಲು ಹಿಂದಿನ ಸೀಟಿನ ಮೇಲೆ ತಮ್ಮ ಮೈಭಾರ ಹಾಕಿ ಮತ್ತೆ ಮತ್ತೆ ಒತ್ತಿ ನೋಡಿದರು. ಸ್ಪ್ರಿಂಗ್ ಕುಸಿದು ಕೂಡಲೇ ಮೇಲೆ ಬಂತು. ಸಿಕ್ಕಿಕೊಂಡದ್ದು ಎಂತದೂ ಇಲ್ಲ, ಒಳಗೆ ಗ್ರೀಸ್ ಕೂಡ ಒಣಗಿಲ್ಲ, ಇಷ್ಟು ಒಳ್ಳೆಯದನ್ನು ಯಾಕೆ ತೆಗೆಸುತ್ತೀರಿ ಎಂದು ಕೇಳಿದರು. ಭಾವ, ಕೊಯ್ದುಬಿಡಿ ಎಂದರು. ಮೇಸ್ತ್ರಿ ನನ್ನ ಕಡೆ ಕಣ್ಣು ಮಿಟುಕಿಸಿ, “ಹೆಂಡ್ತಿ ಕೂರೂ ಸೀಟು ಕೊಯ್ಸೂಕೆ ಬಂದೋರು ನೀವೇ ಮೊದಲು. ಮನೇಲಿ ಜಗಳನ?” ಎಂದರು. ಗ್ಯಾರೇಜಿನಲ್ಲಿದ್ದವರು ನಕ್ಕರು. ಭಾವ ಹೊರಗೆ ಹೋಗಿ ರಸ್ತೆಬದಿಯಲ್ಲಿ ನಿಂತರು. ನಾನು ವಿಷಯ ತಿಳಿಸಿದ ಮೇಲೆ ಮೇಸ್ತ್ರಿ ಗರಗಸ ಕೈಗೆತ್ತಿಕೊಂಡರು.

ಕೆಲಸ ಹೀಗಿತ್ತು. ಎಂಜಿನ್ನಿನ ಹಿಂದೆ ಚೌಕಟ್ಟನ್ನು ಗರಗಸದಿಂದ ಕೊಯ್ದು, ಸ್ಪ್ರಿಂಗ್ ಇದ್ದ ಹಿಂಭಾಗವನ್ನೆಲ್ಲ ಬೇರೆ ಮಾಡಿದರು. ಮೂಲೆಯಲ್ಲಿ ಬಿದ್ದಿದ್ದ ಮಿಲಿಟರಿ ಗಾಡಿಯೊಂದರ ಹಿಂಭಾಗ, ಬರೀ ಗಟ್ಟಿ ಕೊಳವೆಯದು, ಅದನ್ನು ತಂದು ಜೋಡಿಸಿದರು. ಕಾರ್ಬೈಡಿನ ಗಬ್ಬು ವಾಸನೆ, ನೀಲಿ ಜ್ವಾಲೆ. ಚಕ್ರ ನೇರ ಬಂದಿದೆಯೇ ಎಂದು ದಾರ ಹಿಡಿದು ನೋಡುವಾಗ ಒಂದು ತುದಿಯನ್ನು ನಾನು ಹಿಡಿದೆ, ಅಳತೆ ಸರಿಯಾಗಿತ್ತು. ಹಿಂದಿನ ಮಡ್‌ಗಾರ್ಡನ್ನು ಅರ್ಧಕ್ಕೆ ಕತ್ತರಿಸಿ ಉಳಿದ ತುಂಡನ್ನು ಚಕ್ರಕ್ಕೆ ತೀರ ಹತ್ತಿರ ಕೂರಿಸಿದರು. ಜೋಡಿ ಸೀಟು ತೆಗೆದು, ಸೈಕಲ್ಲಿನದರಂತೆ ಒಬ್ಬರೇ ಕೂರುವ ಸೀಟು ಹಾಕಿದರು. ಅದರ ಅಡಿಗೆ ಎರಡು ಚಿಕ್ಕ ಸ್ಪ್ರಿಂಗ್. ಗಾಡಿ ಗಿಡ್ಡವಾಗಿ, ಬಾಲ ಕಡಿದ ಪ್ರಾಣಿಯ ಹಾಗೆ ಕಾಣುತ್ತಿತ್ತು. ಕೊಯ್ದು ಹಾಕಿದ ಹಿಂಭಾಗದಿಂದ ಒಂದು ಸ್ಪ್ರಿಂಗನ್ನು ಬಿಚ್ಚಿಸಿ ನಾನು ಚೀಲಕ್ಕೆ ಹಾಕಿಕೊಂಡೆ. ಯಾಕೆಂದು ಆಗಲೂ ಗೊತ್ತಿರಲಿಲ್ಲ.

ಮುಂದಿನ ಸಲ ತಾರಿಯವ ಬಗ್ಗಿ ನೋಡಿದ. ನೋಡಲು ಏನೂ ಇರಲಿಲ್ಲ. “ಆತು” ಎಂದ. ಭಾವ ಹಗುರಾದಂತೆ ಕಂಡರು. ಹೊಂಡ ಬಿದ್ದ ರಸ್ತೆಯಲ್ಲಿ ಗಾಡಿ ಎತ್ತಿ ಎತ್ತಿ ಹಾಕುತ್ತಿತ್ತು, ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದರು, ಆದರೂ ಅಂಗಡಿಯಲ್ಲಿ ಕೂತರೆ ನಗೆಮಾತು ಆಡುತ್ತಿದ್ದರು.

ಬೇಸಿಗೆ ಬರುವ ಹೊತ್ತಿಗೆ ಆ ನಗೆ ಹೋಯಿತು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು, ಊಟ ಬೇಡವೆಂದು, ಕಿಟಕಿಯ ಹತ್ತಿರ ಕೂತರು.

“ಸ್ಪ್ರಿಂಗ್ ಇದ್ದಾಗ ಅವ್ಳು ಬಂದದ್ದು ಗೊತ್ತಾಗ್ತಿತ್ತು. ಇಳಿದದ್ದೂ ಗೊತ್ತಾಗ್ತಿತ್ತು. ಈಗ ಕೂತಿದ್ದಾಳೋ ಇಲ್ವೋ ಎಂತದೂ ತಿಳಿಯೂದಿಲ್ಲ. ಈ ಸೀಟಿನ ಸ್ಪ್ರಿಂಗ್ ನನ್ನ ಭಾರ ಮಾತ್ರ ಹೇಳ್ತದೆ.”

ಬೆನ್ನು ಈಗಲೂ ತಣ್ಣಗಾಗುತ್ತದೆಯೇ ಎಂದು ನಾನು ಕೇಳಿದೆ. ಅವರು ಎದ್ದು ಚಪ್ಪಲಿ ಮೆಟ್ಟಿ ಗಾಡಿಯ ಕಡೆಗೆ ಹೊರಟರು.

ಹಳೆಯ ಹಿಂಭಾಗವನ್ನೇ ಮತ್ತೆ ಹಾಕಿಸಲು ಮರುದಿನವೇ ಅವರು ಕುಮಟೆಗೆ ಹೋದರು. ಕೊಯ್ದ ಹಿಂಭಾಗ ಗುಜರಿಯವರ ಪಾಲಾಗಿತ್ತು. ಅಂಥದ್ದು ಮತ್ತೆ ಸಿಗಲಿಲ್ಲ. ನನ್ನಲ್ಲಿದ್ದ ಸ್ಪ್ರಿಂಗನ್ನು ಕೊಡಲು ಹೋದೆ. ಎರಡೂ ಅಂಗೈ ನಡುವೆ ಇಟ್ಟು ಒತ್ತಿ ನೋಡಿದರು. ಅದು ಕೈಗೆ ಬಗ್ಗುವಂಥದ್ದಲ್ಲ. ನಿನ್ನಲ್ಲೇ ಇರಲಿ ಎಂದು ವಾಪಸು ಕೊಟ್ಟರು.

ಅಂದಿನಿಂದ ಭಾವ ಕಾಸರಕೋಡದ ಹಲಗೆಯ ಮುಂದೆ ಪ್ರತಿ ಸಲವೂ ಗಾಡಿ ನಿಲ್ಲಿಸಿ, “ಇಳಿ” ಎಂದು ಹೇಳಿ, ಸ್ವಲ್ಪ ಹೊತ್ತು ಕಾಯುತ್ತಿದ್ದರು. ಹಿಂದೆ ಲಾರಿಯವರು ಹಾರ್ನ್ ಹೊಡೆದರೂ ತಾರಿಯವ ಕೈ ಅಡ್ಡ ಹಿಡಿದು ಅವರ ಜೊತೆಗೇ ಕಾಯುತ್ತಿದ್ದ. ಇಷ್ಟು ಹೊತ್ತಿಗೆ ಇಳಿದಿರಬಹುದು ಅನ್ನಿಸಿದಾಗ ‘ಆತು, ಬನ್ನಿ’ ಎನ್ನುತ್ತಿದ್ದ. ಹೊಳೆಗೆ ಸೇತುವೆ ಆದ ಮೇಲೆ ಯಾರೂ ಇಳಿಯಬೇಕಾಗಿರಲಿಲ್ಲ, ಇಳಿಯಿರಿ ಎನ್ನುವವರೂ ಇರಲಿಲ್ಲ. ಭಾವ ಸೇತುವೆಯ ಮೇಲೆ ಆ ಗಾಡಿಯನ್ನು ಒಮ್ಮೆಯೂ ಓಡಿಸಲಿಲ್ಲ. ಭಟ್ಕಳದ ಮನೆಯ ಹಿತ್ತಿಲಲ್ಲಿ ಗೋಣಿ ಹೊದೆಸಿ ನಿಲ್ಲಿಸಿದರು... ಅವರು ತೀರಿಕೊಂಡ ಮೇಲೆ ಅದನ್ನು ಯಾರು ಒಯ್ದರೋ ತಿಳಿಯದು. ನನ್ನ ಪಾಲಿಗೆ ಉಳಿದದ್ದು ಇದೊಂದು ಸುರುಳಿ.

ಮೊನ್ನೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಾಸರಕೋಡಕ್ಕೆ ಹೋಗಿದ್ದೆ. ಅಂದು ಹರೆಯದಲ್ಲಿದ್ದ ಆ ತಾರಿಯವರು, ಈಗ ಮುದುಕರು, ಮಗನ ಮನೆಯ ಜಗಲಿಯಲ್ಲಿ ಕೂತಿದ್ದರು, ಕಣ್ಣು ಕಾಣುವುದಿಲ್ಲ. ನಾನು ಯಾರೆಂದು ಹೇಳಿ ಸ್ಪ್ರಿಂಗನ್ನು ಅವರ ಕೈಗೆ ಕೊಟ್ಟೆ. ಬೆರಳಿನಿಂದ ಸುರುಳಿಯನ್ನೆಲ್ಲ ತಡವಿದರು. ನೆಲಕ್ಕೆ ನಿಲ್ಲಿಸಿ ಮೇಲೆ ಅಂಗೈ ಇಟ್ಟರು. ಆಮೇಲೆ ಆ ಕೈಯನ್ನು ಸ್ವಲ್ಪ ಎತ್ತಿದರು, ನಡುವೆ ತಡೆದರು, ಮತ್ತೆ ಪೂರ್ತಿ ಎತ್ತಿದರು.

“ಹಿಂಗೇ ಎದ್ದದ್ದು, ಒಡ್ಯಾ” ಎಂದರು.

ನಾನು ಅವರಿಗೆ ಏನನ್ನೂ ನೆನಪಿಸಿರಲಿಲ್ಲ. ಆ ಬೆಳಿಗ್ಗೆ ಅದು ಎದ್ದಾಗ ಹಲಗೆಯ ಬಳಿ ಇದ್ದವರು ಮೂವರು. ಭಾವ ಇಲ್ಲ. ಕಾಸರಕೋಡದ ತಾರಿಯವರು ಇದ್ದಾರೆ, ನಾನಿದ್ದೇನೆ.