ಕೋಟೆಯೊಳಗೆ ಬಂದ ಕತ್ತಿ

ಆ ಕತ್ತಿಯ ಹಗ್ಗ ಹಿಡಿದು ಗದ್ವಾಲ ಕೋಟೆಯೊಳಗೆ ಬಂದವನು ನಾನೋ ನಮ್ಮ ದೊಡ್ಡಪ್ಪನ ಮಗನೋ, ಖಾತ್ರಿಯಾಗಿ ಹೇಳಲಾರೆ. ಹಗ್ಗ ಅಂಗೈಗೆ ಚುಚ್ಚಿದ್ದು ನನಗೆ ನೆನಪಿದೆ. ಒದ್ದೆ ಬಟ್ಟೆಯ ಸವಳು ಮಣ್ಣಿನ ವಾಸನೆ ನೆನಪಿದೆ. ಆದರೆ ಇವೆರಡನ್ನೂ ಆ ಅಣ್ಣ ತನ್ನ ಕಥೆಯಲ್ಲಿ ಹೇಳುತ್ತಲೇ ಬಂದಿದ್ದಾನೆ. ನನ್ನ ಕೈ ಹಗ್ಗ ಹಿಡಿದಿತ್ತೋ, ಕಿವಿ ಕೇಳಿದ್ದನ್ನು ಕೈಗೆ ದಾಟಿಸಿತೋ, ಈಗ ಬೇರ್ಪಡಿಸಲು ಬರುತ್ತಿಲ್ಲ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಾರಾಯಣಪೇಟೆಯ ನಮ್ಮ ಕಡೆ ಮನೆ ಮನಿಯಾಗುತ್ತದೆ, ಎಲೆ ಎಲಿಯಾಗುತ್ತದೆ, ಕತ್ತೆ ಕತ್ತಿಯಾಗುತ್ತದೆ. ಯುದ್ಧದ ಕತ್ತಿಗೆ ನಾವು ತಲವಾರ ಎನ್ನುತ್ತೇವೆ. ತೆಲುಗಿನಲ್ಲಿ ಕತ್ತಿ ಎಂದರೆ ಆಯುಧ ಎನ್ನುವುದೂ ನಮಗೆ ಗೊತ್ತು. ತೆಲುಗು ಬೆರೆಸದೆ ನಾವು ಬದನೆಕಾಯಿಯನ್ನೂ ಕೊಳ್ಳುವುದಿಲ್ಲ.

ನಾನು ಆಗ ತಾನೇ ಹೈದರಾಬಾದಿಗೆ ಎಂ.ಎ. ಓದಲು ಸೇರಿದ್ದೆ. ಅಣ್ಣ ಬಿ.ಕಾಂ. ಅರ್ಧಕ್ಕೆ ಬಿಟ್ಟಿದ್ದ. ರಜೆಗೆ ಇಬ್ಬರೂ ಗದ್ವಾಲದ ಸೋದರತ್ತೆಯ ಮನೆಯಲ್ಲಿದ್ದಾಗ ಕೋಟೆಗೆ ಸಿನಿಮಾದವರು ಬಂದರು. ರಾಜಕುಮಾರಿ, ಮಾಂತ್ರಿಕ, ತಲೆಬುರುಡೆ, ಹೊಗೆ, ಇಂಥದ್ದೊಂದು ತೆಲುಗು ಚಿತ್ರ. ಗುಂಪಿಗೆ ಜನ ಬೇಕಾಗಿ ನಮ್ಮಿಬ್ಬರನ್ನೂ ಎಳೆದುಕೊಂಡರು. ನಾಯಕನ ರಟ್ಟಿನ ಖಡ್ಗ ನಡುವೆ ಮಡಚಿಕೊಂಡಾಗ, ಅವರ ಸಹಾಯಕನೊಬ್ಬ ಹೊರಗಿನಿಂದ ಇನ್ನೊಂದು ಕತ್ತಿ ತರಲು ಸೈನಿಕನ ವೇಷದಲ್ಲಿದ್ದ ಒಬ್ಬನಿಗೆ ಹೇಳಿದ. ಸೈನಿಕ ಹೊರಗೆ ಹೋಗಿ ಅಗಸನೊಬ್ಬನ ಕತ್ತೆ ತಂದ. ನಿರ್ದೇಶಕ ನಕ್ಕು, ಅದನ್ನು ವಾಪಸ್ಸು ಕಳಿಸದೆ, ಮಾಂತ್ರಿಕ ಸೇನಾಪತಿಯನ್ನು ಕತ್ತೆ ಮಾಡುವ ದೃಶ್ಯವನ್ನು ಅಲ್ಲೇ ಹುಟ್ಟಿಸಿದ.

ಆ ಸೈನಿಕ ತಾನು ಎನ್ನುತ್ತಾನೆ ಅಣ್ಣ. ಮೊದಮೊದಲು ಇದು ಅವಮಾನದ ಸಂಗತಿಯಾಗಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಯಾವಾಗ ಅದು ಆಸ್ತಿಯಾಯಿತೋ ತಿಳಿಯದು. ಮದುವೆ ಮುಂಜಿಗಳಲ್ಲಿ ಊಟಕ್ಕೆ ಎಲ್ಲರೂ ಅವನ ಪಂಕ್ತಿಯಲ್ಲೇ ಕೂರಲು ನೋಡುತ್ತಿದ್ದರು. ನನ್ನ ಪಕ್ಕದ ಎಲೆಗೆ ಬಂದವರು ಮಗನಿಗೆ ಯಾವ ಕಾಲೇಜು ಒಳ್ಳೆಯದು ಎಂದು ಕೇಳುತ್ತಿದ್ದರು. ನನ್ನ ಮಗಳು ಸಣ್ಣವಳಿದ್ದಾಗ ಅವನ ತೊಡೆಯ ಮೇಲೆ ಕೂತು ಆ ಕಥೆ ಕೇಳಿ ಮನೆಗೆ ಬಂದು, "ಅಪ್ಪಾ, ನಿಂಗ ಹಿಂಗ ಏನೂ ಆಗೇ ಇಲ್ಲೇನು?" ಅಂದಳು. ನಾನು ಕಲಿಸಿದ್ದು, ಬರೆದದ್ದು, ಓದಿದ್ದು ಯಾವುದೂ ಆ ಪ್ರಶ್ನೆಗೆ ಉತ್ತರವಾಗಲಿಲ್ಲ. ಹಗ್ಗ ಹಿಡಿದವನು ನಾನೇ ಎಂಬ ನೆನಪು ಗಟ್ಟಿಯಾದದ್ದು ಅದಕ್ಕೂ ಮೊದಲೋ ಆಮೇಲೋ, ಅದನ್ನೂ ಹೇಳಲಾರೆ.

ಹೋದ ಚಳಿಗಾಲದಲ್ಲಿ ಅದೇ ಮಗಳು, ಈಗ ಹೈದರಾಬಾದಿನಲ್ಲಿ ಓದುವವಳು, ಆ ಸಿನಿಮಾವನ್ನು ಮೊಬೈಲಿನಲ್ಲಿ ಎಲ್ಲಿಂದಲೋ ಹುಡುಕಿ ತೆಗೆದಳು. ನಾರಾಯಣಪೇಟೆಯಲ್ಲೇ ನೋಡೋಣ ಎಂದರೆ ಒಪ್ಪಲಿಲ್ಲ.

"ದೊಡ್ಡಪ್ಪನ್ನ ಬಿಟ್ಟು ನೋಡೋದು ನ್ಯಾಯ ಅಲ್ಲಪ್ಪಾ. ಅದು ಅವರ ಸಿನಿಮಾ."

ಬಸ್ಸು ಮಕ್ತಲ್ ಮುಟ್ಟುವವರೆಗೂ "ಅವರ ಸಿನಿಮಾ" ಎಂಬ ಮಾತು ನನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು.

ಮಕ್ತಲ್‌ನಲ್ಲಿ ಅಣ್ಣನಿಗೆ ಬಟ್ಟೆ ಅಂಗಡಿ. ಮಧ್ಯಾಹ್ನ ಊಟದ ಹೊತ್ತಿಗೆ ಷಟರ್ ಎಳೆದು ಬಂದ. ಅವನ ಹೆಂಡತಿ, ನಮ್ಮ ವೈನಿ, ಅವಲಕ್ಕಿ ಒಗ್ಗರಣೆ ತಟ್ಟೆಗಳನ್ನಿಟ್ಟರು. ಮಗಳು ಸಿನಿಮಾವನ್ನು ಟಿವಿಗೆ ಹಾಕಿದಳು.

ಚಿತ್ರ ನಾನು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. ದಾರಕ್ಕೆ ಕಟ್ಟಿದ ಬಾವಲಿ ಹಾರುವಾಗ ದಾರವೇ ಮೊದಲು ಕಾಣುತ್ತಿತ್ತು. ಮಾಂತ್ರಿಕನ ಒಂದು ಕಡೆಯ ಮೀಸೆ ಪ್ರತಿ ಮಂತ್ರಕ್ಕೂ ಸ್ವಲ್ಪ ಜಾರುತ್ತಿತ್ತು. ರಾಜಕುಮಾರಿಯ ಅರಮನೆಯ ಹಿಂದೆ ವಿದ್ಯುತ್ ಕಂಬ. ಆದರೂ ಕೋಟೆಯ ಗೋಡೆ ಕಂಡಾಗೆಲ್ಲ ನಾನು ಟಿವಿಯತ್ತ ಬಾಗುತ್ತಿದ್ದೆ.

"ಒಂದು ಮಾತು ನನಗ ಯಾವತ್ತೂ ಹೊಂದೋದಿಲ್ಲ," ಅಂದೆ. "ಹುಟ್ಟಿದಾಗಿಂದ ತೆಲುಗು ಮಾತಾಡೋ ಮನಷ್ಯಾ, ಅವರು ಕತ್ತಿ ಅಂದ್ರ ನಮ್ಮ ಕತ್ತಿ ಹೆಂಗ ತರ್ತಾನ?"

ಸಾಕ್ಷಿಯನ್ನು ಅಡ್ಡ ಪ್ರಶ್ನೆಗೆ ಕೆಡವಿದೆ ಎಂದುಕೊಂಡಿದ್ದೆ. ಅಣ್ಣ ತಟ್ಟೆಯಿಂದ ಶೇಂಗಾ ಆರಿಸುತ್ತ ಹೇಳಿದ.

"ತೆಲುಗಿನಾಗ ಹೇಳಿದ್ರ ನಾನು ಬರೋಬ್ಬರಿ ತರ್ತಿದ್ದೆಪಾ. ಆ ಪುಣ್ಯಾತ್ಮಗ ನಾವು ಕನ್ನಡದವರು ಅಂತ ಯಾರೋ ಹೇಳ್ಯಾರ. ಮರ್ಯಾದಿ ಕೊಡಲಿಕ್ಕೆ ಹೋಗಿ ಕನ್ನಡದಾಗ ಹೇಳಿದ, 'ಸ್ವಲ್ಪ ಕತ್ತಿ ತಗೊಂಡು ಬನ್ನಿ' ಅಂತ. ಕನ್ನಡದಾಗ ಕೇಳಿದ ಮ್ಯಾಲೆ ಕನ್ನಡದ ಕತ್ತೀನ ತರಬೇಕಲ್ಲ?"

ಮಗಳು ಆಗಲೇ ನಗಲು ಶುರುಮಾಡಿದ್ದಳು. "ಅಗಸರಾಂವ ಏನಂದ, ಅದನ್ನ ಹೇಳ್ರಿ ದೊಡ್ಡಪ್ಪ."

"ಆತ ಬಟ್ಟಿ ಹಿಂಡೋದು ಬಿಟ್ಟು ನನ್ನ ವೇಷಾ ಮ್ಯಾಲಿಂದ ಕೆಳಗ ನೋಡಿದ. 'ಯಾಕ್ರಿ ಸ್ವಾಮಿ, ಯುದ್ಧ ಮಾಡಾಕ ಕುದುರಿ ಸಿಗಲಿಲ್ಲೇನ್ರಿ? ಒಯ್ರಿ, ಆದ್ರ ಇದು ಒದಿತೈತಿ, ವೈರಿ ಯಾರು ಅಂತ ಅದಕ್ಕ ಮೊದಲ ತೋರಿಸ್ರಿ' ಅಂದ."

ವೈನಿ ಈ ಮಾತನ್ನು ನೂರು ಸಲ ಕೇಳಿರಬೇಕು. ಸೆರಗು ಬಾಯಿಗಿಟ್ಟುಕೊಂಡು ಹೊಸದಾಗಿ ನಕ್ಕರು. ಅಗಸನ ಆ ಮಾತು ನನ್ನ ನೆನಪಿನಲ್ಲೂ ಹಾಗೆಯೇ ಇತ್ತು, ಅಕ್ಷರ ಬಿಡದೆ. ಅದು ನನ್ನ ಬಾಯಿಂದ ಬಂದಿದ್ದರೆ ಯಾರೂ ನಗುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಪರದೆಯ ಮೇಲೆ ಮಾಂತ್ರಿಕ ಕೈಯೆತ್ತಿದ, ಹೊಗೆ ಎದ್ದಿತು. ಸೇನಾಪತಿ ಇದ್ದ ಜಾಗದಲ್ಲಿ ಕತ್ತೆ ನಿಂತಿತ್ತು. ಹಗ್ಗ ಹಿಡಿದ ಸೈನಿಕನ ಮುಖ ಚೌಕಟ್ಟಿನ ಹೊರಗೆ. ತೋಳು ಮಾತ್ರ ಒಳಗೆ. ಮಗಳು ಅಲ್ಲೇ ನಿಲ್ಲಿಸಿದಳು. ತೋಳಿಲ್ಲದ ಕವಚದ ಕೆಳಗೆ, ರಟ್ಟೆಯ ಮೇಲೆ, ಹಳದಿ ಬಣ್ಣದ ಗುಂಡನೆಯ ಗುರುತು. ಗೋಪೀಚಂದನದ ಮಣ್ಣಿನ ಚಕ್ರ. ನಮ್ಮ ಮನೆತನಗಳಲ್ಲಿ ಮುಂಜಿಯಾದವರು ದಿನಾ ಬೆಳಿಗ್ಗೆ ಒತ್ತಿಕೊಳ್ಳುವ ಮುದ್ರೆ. ಯಾವ ರಾಜ್ಯದ ಸೈನಿಕನಿಗೂ ಅದು ಇರಲು ಕಾರಣವಿರಲಿಲ್ಲ.

"ಮುದ್ರಾ ನೋಡ್ರಿ," ಅಂದರು ವೈನಿ. "ಇವರದೇ ಕೈ."

"ಮುದ್ರಾ ನಾನೂ ಹಚ್ಗೋತಿದ್ದೆ," ಅಂದೆ.

ಮೂವರೂ ನನ್ನತ್ತ ತಿರುಗಿದರು.

"ನೀವು?" ವೈನಿ ಕೇಳಿದರು. "ಸಂಧ್ಯಾವಂದನಿ ಮಾಡು ಅಂದ್ರ ಮಾವನವರ ಜೋಡಿ ಎರಡು ತಾಸು ವಾದಾ ಮಾಡ್ತಿದ್ರಂತಲ್ಲ, ನೀವು?"

"ಗದ್ವಾಲದಾಗ ಹಚ್ಗೋತಿದ್ದೆ. ಅತ್ತಿ ಮನ್ಯಾಗ ಅದಿಲ್ಲದ ಎಲಿ ಹಾಕ್ತಿದ್ದಿಲ್ಲ. ಅದು ನನ್ನ ಕೈನೂ ಇರಬಹುದು."

ಹೇಳಿಬಿಟ್ಟಿದ್ದೆ. ನಾನು ಕಾದದ್ದು ಜಗಳಕ್ಕೆ. ಅಣ್ಣ ಪರದೆಯನ್ನು ನೋಡುತ್ತಲೇ, ಮೆತ್ತಗೆ, "ಇರಬಹುದಪಾ. ನಿಂದೇ ಇರ್ಲಿ ತಗೋ. ಕಥಿ ನಾ ಹೇಳ್ತೀನಿ, ಕೈ ನೀ ಇಟ್ಕೋ," ಅಂದ.

ಅಷ್ಟು ಸುಲಭವಾಗಿ ಕೊಟ್ಟುಬಿಡಬಲ್ಲವನ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಮಗಳು ಅವನ ಭುಜಕ್ಕೆ ಒರಗಿ ನಗುತ್ತಿದ್ದಳು.

ಮರುದಿನ ಮಗಳನ್ನು ಅಲ್ಲೇ ಬಿಟ್ಟು, ಒಬ್ಬನೇ ಕೃಷ್ಣೆ ದಾಟಿ ಗದ್ವಾಲಕ್ಕೆ ಹೋದೆ. ಸೋದರತ್ತೆಗೆ ಈಗ ಕಿವಿ ಮಂದ, ಕಣ್ಣು ಚುರುಕು. ಮೊಮ್ಮಕ್ಕಳ ಗದ್ದಲದ ನಡುವೆ ಹೂಬತ್ತಿ ಹೊಸೆಯುತ್ತಿದ್ದರು. ಸುತ್ತು ಬಳಸದೆ ಕೇಳಿದೆ.

"ಅತ್ತಿ, ಸಿನಿಮಾದವರು ಬಂದಾಗ ನಾನು ಮುದ್ರಾ ಹಚ್ಗೋತಿದ್ದೆ ಹೌದಲ್ಲೋ?"

"ಈಗ್ಯಾಕ ಬಂತು ಮುದ್ರಾ ನೆನಪು? ಮಗಳಿಗೆ ವರಾ ನೋಡ್ಲಿಕ್ಕೆ ಹತ್ತೀಯೇನು?"

"ಹೇಳ್ರಿ ಅತ್ತಿ."

"ಏನು ಹೇಳ್ಲಿ. ಹೈದರಾಬಾದಿಂದ ಹೊಸಾ ಬುದ್ಧಿ ತಂದಿದ್ದಿ. ಮಣ್ಣು ಬಳಕೊಂಡ್ರ ಮೋಕ್ಷಾ ಸಿಗೋದಾದ್ರ ಎಮ್ಮಿಗೆ ಮೊದಲ ಸಿಗ್ತದ ಅಂದಿ. ಒಳಗ ಎಲಿ ಹಾಕೂದಿಲ್ಲ ಅಂದೆ. ರಜಾ ಮುಗಿಯೋತನಕಾ ಹೊರಗ ಕಟ್ಟಿ ಮ್ಯಾಲೆ ಕೂತು ಉಂಡಿ, ಹಟಮಾರಿ. ನಿಮ್ಮಣ್ಣ ತನ್ನ ಎಲಿ ಬಿಟ್ಟು ನಿನಗ ಸಾರು ತಂದು ಬಡಿಸ್ತಿದ್ದ."

ಅವರು ಎಮ್ಮೆಯ ಮಾತು ಹೇಳಿದಾಗ ಅದು ನನ್ನದೇ ಎಂದು ಗುರುತು ಹತ್ತಿತು. ಅಂಥ ಮಾತನ್ನು ಬೇರೆ ಯಾರೂ ಆಡುವವರಿರಲಿಲ್ಲ. ಆದರೆ ಅದು ನನ್ನೊಳಗೆ ಎಲ್ಲೂ ಉಳಿದಿರಲಿಲ್ಲ. ಕಟ್ಟೆಯ ಮೇಲಿನ ಊಟ ಉಳಿದಿರಲಿಲ್ಲ, ಸಾರು ತಂದವನೂ ಉಳಿದಿರಲಿಲ್ಲ. ನನ್ನದಲ್ಲದ ಹಗ್ಗವೊಂದು ಆ ಜಾಗವನ್ನೆಲ್ಲ ಹಿಡಿದು ಕೂತಿತ್ತು.

ಆದರೂ ಬಿಡಲಿಲ್ಲ. ಮೊಬೈಲ್ ತೆಗೆದು, ಮಗಳಿಂದ ಕಳಿಸಿಕೊಂಡಿದ್ದ ಆ ದೃಶ್ಯ ತೋರಿಸಿದೆ. ಅತ್ತೆ ತೋಳನ್ನೂ ನೋಡಲಿಲ್ಲ, ಕತ್ತೆಯನ್ನೂ ನೋಡಲಿಲ್ಲ. ಹಿಂದಿನ ಪ್ರಜೆಗಳ ಗುಂಪಿನ ಮೇಲೆ ಬೆರಳಿಟ್ಟರು.

"ಇಕಾ, ನೀನು ಇಲ್ಲಿ ನಿಂತೀಯಲ್ಲ. ರಾಜರ ಕಾಲದಾಗ ಕನ್ನಡಕಾ ಹಾಕ್ಕೊಂಡು."

ಮಂಜು ಮಂಜಾದ ಚಿತ್ರ. ಹೆಗಲ ಮೇಲೊಂದು ವಲ್ಲಿ, ಮೂಗಿನ ಮೇಲೆ ಎರಡು ಬಿಳಿ ಚುಕ್ಕಿ. ಮುದುಕಿಯ ಕಣ್ಣು, ಯಾರನ್ನೋ ನೋಡಿ ನಾನೆನ್ನುತ್ತಿರಬಹುದು. ನಂಬಲಿಲ್ಲ.

ನಾರಾಯಣಪೇಟೆಗೆ ಬಂದ ಮೇಲೆ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಆ ವರ್ಷ ನನ್ನ ಕನ್ನಡಕದ ಕಡ್ಡಿ ಮುರಿದು ಅವ್ವ ಅದಕ್ಕೆ ಕೆಂಪು ದಾರ ಸುತ್ತಿಕೊಟ್ಟಿದ್ದಳು. ಹಳೆಯ ಫೋಟೋ ಒಂದರಲ್ಲಿ ಅದು ಸ್ಪಷ್ಟವಾಗಿದೆ. ಫೋಟೋವನ್ನು ಪಕ್ಕದಲ್ಲಿಟ್ಟು ಹೋಲಿಸಿದೆ. ಬಲಗಡೆಯ ಕಡ್ಡಿಗೆ ಕೆಂಪು ದಾರ, ಬರಿ ರಟ್ಟೆ, ಮುದ್ರೆಯಿಲ್ಲ. ನಾನೇ. ಸುತ್ತಲಿನ ಪ್ರಜೆಗಳೆಲ್ಲ ಕತ್ತೆಯನ್ನು ನೋಡಿ ನಗುತ್ತಿದ್ದಾರೆ. ನಾನು ಹಗ್ಗ ಹಿಡಿದವನನ್ನು ನೋಡುತ್ತಿದ್ದೇನೆ, ನಗುತ್ತಿಲ್ಲ.