ಎಮ್ಮೆ ತುಳಿದ ಮೂಲೆ

ದೊಡ್ಡಬೀರಯ್ಯ ಹಗ್ಗ ಹಿಡಿದು ಹಿತ್ತಲು ಅಳೆಯುವಾಗ ಭದ್ರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತೊಂಬತ್ತೆಂಟರ ಬೇಸಿಗೆ ಅದು. ನಾಲ್ಕು ಮೂಲೆಗೂ ಗೂಟ ಹೊಡೆದು ಗಂಡ ಸೊಂಟ ನೆಟ್ಟಗೆ ಮಾಡಿಕೊಂಡಾಗ, ಇದು ಯಾತಕ್ಕೆ ಎಂದು ಅವಳು ಕೇಳಲಿಲ್ಲ. ಬೆಟ್ಟದಪುರದ ಸುತ್ತಿನ ಬೇರೆ ಊರುಗಳಂತೆ ಅವರದೂ ಹೊಗೆಸೊಪ್ಪಿನ ಊರು. ಹೊಲದಿಂದ ಮುರಿದು ತಂದ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನು ಎಂಬ ಎತ್ತರದ ಗೂಡುಮನೆಯೊಳಗೆ ಸಾಲಾಗಿ ತೂಗುಹಾಕಿ, ಒಲೆಯ ಕಾವಿನಲ್ಲಿ ಹದವಾಗಿ ಒಣಗಿಸಬೇಕು. ಅವರಿಗಿದ್ದದ್ದು ಒಂದೇ ಬ್ಯಾರನ್ನು. ಅದು ತುಂಬಿದ್ದಾಗ ಮುರಿದ ಎಲೆ ಜಗಲಿಯ ಮೇಲೆ ಬಿದ್ದು ಕೊಳೆಯುತ್ತಿತ್ತು. ಇನ್ನೊಂದು ಬ್ಯಾರನ್ನು ಬೇಕೆಂಬ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದು ಅವಳ ಹಿತ್ತಲಲ್ಲೇ ಆಗಬೇಕೆಂಬುದೇ ಅವಳಿಗೆ ನುಂಗಲಾರದ ತುತ್ತು.

ಭದ್ರಮ್ಮ ಹುಟ್ಟಿದ್ದು ಕೆ.ಆರ್. ನಗರದ ಸೀಮೆಯಲ್ಲಿ, ಹೊಸ ಅಗ್ರಹಾರದ ಹತ್ತಿರ, ನಾಲೆ ನೀರು ಹರಿಯುವ ಊರಿನಲ್ಲಿ. ತವರಿನಲ್ಲಿ ಹಿತ್ತಲೆಂದರೆ ಸಾರಿಗೆ ಬೇಳೆ ಇಟ್ಟ ಮೇಲೆ ಕಾಯಿ ಕೊಯ್ಯಲು ಹೋಗುವ ಜಾಗ. ಮದುವೆಯಾಗಿ ಇಲ್ಲಿಗೆ ಬಂದರೆ ಕಣ್ಣು ಹಾಯಿಸಿದಲ್ಲೆಲ್ಲ ಹೊಗೆಸೊಪ್ಪು, ತರಕಾರಿಯೆಲ್ಲ ಸಂತೆಯದು. ಎಲೆ ಕಟ್ಟುವುದರಲ್ಲಿ ಅವಳಷ್ಟು ಚುರುಕು ಕೈ ಊರಿನಲ್ಲಿರಲಿಲ್ಲ. ಆದರೆ ಸಂಜೆ ಆ ಕೈಗೆ ಹತ್ತಿದ ಕರಿ ಅಂಟು ಬೂದಿ ಹಾಕಿ ಉಜ್ಜಿದರೂ ಪೂರ್ತಿ ಬಿಡದೆ, ಮುರಿದ ಮುದ್ದೆಯ ತುತ್ತಿಗೂ ಕಹಿ ತಾಗುತ್ತಿತ್ತು. ತಿನ್ನುವಂಥದ್ದೇನಾದರೂ ಕೈಯಾರೆ ಬೆಳೆಯಬೇಕೆಂಬ ಹಟ ಅಲ್ಲಿಂದಲೇ ಹುಟ್ಟಿದ್ದಿರಬೇಕು.

ಹಿಂದಿನ ಎರಡು ಮುಂಗಾರಿನಲ್ಲೂ ಅವಳು ಆಲೂಗೆಡ್ಡೆ, ಟೊಮೆಟೊ ಹಾಕಿದ್ದಳು. ಎರಡು ಸಲವೂ ಗಿಡ ಮೊಣಕಾಲೆತ್ತರ ಬಂದು, ಹೂವಾಗಿ, ನೋಡಿದವರ ಕಣ್ಣು ತುಂಬುವಂತಿತ್ತು. ಆಮೇಲೆ ಸೋನೆ ಹಿಡಿಯಿತು, ಮುಂಜಾನೆ ಬೆಟ್ಟ ಕಾಣದಷ್ಟು ಕಾವಳ ಇಳಿಯಿತು. ಎಲೆಯ ಅಂಚಿನಲ್ಲಿ ಬಿಸಿನೀರು ಚೆಲ್ಲಿದಂಥ ಕಲೆ ಎದ್ದು, ವಾರ ಕಳೆಯುವುದರೊಳಗೆ ಹಿತ್ತಲೆಲ್ಲ ಕಪ್ಪಾಗಿ ಕೊಳೆತು ನಾರಿತು. ಮಣ್ಣು ಬಗೆದರೆ ಗೆಡ್ಡೆಯೂ ಕಂದು. ಪುಸ್ತಕಗಳು ಇದನ್ನು ಅಂಗಮಾರಿ ಎನ್ನುತ್ತವೆ. ಊರಿನವರು ಕಾವಳ ಬಡೀತು ಎಂದು ಹೇಳಿ ಸುಮ್ಮನಾಗುತ್ತಿದ್ದರು. ಕಾವಳದ ಮೇಲೆ ಯಾರು ಏನು ಮಾಡಲಾದೀತು?

“ಎರಡು ವರ್ಸ ನೋಡಿದ್ನಲ್ಲ ಕಣಮ್ಮಿ, ಕಾವಳಕ್ಕೆ ಮೇವು ಬೆಳೆಯಕೆ ಒಂದು ಹಿತ್ಲು ಬೇಕಾ?” ಎಂದ ದೊಡ್ಡಬೀರಯ್ಯ, ಹಗ್ಗ ಸುತ್ತುತ್ತ.

“ಇದೊಂದು ವರ್ಸ ಬುಡಿ,” ಎಂದಳು ಭದ್ರಮ್ಮ. “ಹೊಗೆಸೊಪ್ಪ ಉಣ್ಣಕಾದದಾ?”

ಅವನು ಸುತ್ತಿದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡ. ಕೆಟ್ಟ ಗಂಡಸಲ್ಲ, ಮಾತು ಕೊಟ್ಟರೆ ತಪ್ಪುವವನೂ ಅಲ್ಲ. ಗೌರಿ ಹಬ್ಬದ ಹೊತ್ತಿಗೆ ಒಳ್ಳೆಯ ಗೆಡ್ಡೆ, ಒಳ್ಳೆಯ ಟೊಮೆಟೊ, ಎರಡೂ ಕಣ್ಣಿಗೆ ಕಂಡರೆ ಹಿತ್ತಲು ಅವಳದು. ಇಲ್ಲದಿದ್ದರೆ ಹಬ್ಬದ ಮಾರನೆಯ ದಿನ ಪಾಯ ತೆಗೆಸುವುದು ಎಂದು ತೀರ್ಮಾನ ಹೇಳಿದ. ಗೂಟ ಮಾತ್ರ ಕೀಳಲಿಲ್ಲ.

ಭದ್ರಮ್ಮ ಬರೀ ಹಟದಿಂದ ಒಪ್ಪಿಕೊಂಡವಳಲ್ಲ. ಎರಡು ವರ್ಷದಲ್ಲಿ ಅವಳು ಕಂಡ ಎರಡು ಸಂಗತಿಗಳು ಕಾವಳದ ಕತೆಗೆ ಹೊಂದುತ್ತಿರಲಿಲ್ಲ.

ಮೊದಲನೆಯದು ಬ್ಯಾರನ್ನಿನ ಗೋಡೆಯ ಪಕ್ಕದ ಟೊಮೆಟೊ ಗಿಡ. ಒಲೆ ಕಾಯುವಾಗ ಯಾರೋ ಹಣ್ಣು ತಿಂದು ಉಗಿದ ಬೀಜದಿಂದ ಸೂರಿನ ಕೆಳಗೆ ತಾನಾಗಿ ಹುಟ್ಟಿದ್ದು. ಹತ್ತು ಹೆಜ್ಜೆ ಆಚೆ ಅವಳು ಸಾಕಿದ ಗಿಡಗಳು ಕಪ್ಪಾಗಿ ನಿಂತಿದ್ದಾಗ ಈ ಅನಾಥ ಗಿಡ ಹಣ್ಣು ಬಿಡುತ್ತಿತ್ತು. ಕಾವಳ ಇದಕ್ಕೂ ಬಿದ್ದಿತ್ತಲ್ಲ? ಒಂದು ಬೆಳಿಗ್ಗೆ ಅವಳು ಎರಡೂ ಕಡೆಯ ಎಲೆ ಮುಟ್ಟಿ ನೋಡಿದಳು. ಹಿತ್ತಲಿನ ಎಲೆ ಹೊತ್ತು ಏರಿದರೂ ತೊಯ್ದೇ ಇತ್ತು. ಬ್ಯಾರನ್ನಿನ ಪಕ್ಕದ್ದರ ಮೇಲೆ ಒಂದು ಹನಿಯೂ ಇರಲಿಲ್ಲ. ಮೇಲೆ ಸೂರು, ಬೆನ್ನಿಗೆ ಒಲೆಯ ಕಾವಿನ ಗೋಡೆ. ನೀರೆಲ್ಲ ಸೂರಿನ ಅಂಚಿನಿಂದ ಬುಡಕ್ಕೆ ಇಳಿಯುತ್ತಿತ್ತು. ಬೇರಿಗೆ ನೀರು ಬೇಕು, ಎಲೆಗೆ ಬೇಡ ಎಂಬುದು ಅವಳಿಗೆ ಅಲ್ಲಿ ಹೊಳೆಯಿತು. ರೋಗದ ಬೀಜ ಮೊಳೆಯುವುದು ನೆನೆದ ಎಲೆಯ ಮೇಲೆಯೇ.

ಎರಡನೆಯದು ಪಕ್ಕದ ಮನೆಯ ಪುಟ್ಟಮಲ್ಲಮ್ಮನ ಎಮ್ಮೆ. ಕಳೆದ ಮುಂಗಾರಿನಲ್ಲಿ, ರೋಗ ಕಾಣಿಸುವ ಮೊದಲೇ, ಅದು ಬೇಲಿ ಮುರಿದು ನುಗ್ಗಿ ಆಲೂಗೆಡ್ಡೆಯ ಒಂದು ಮೂಲೆಯನ್ನು ತಿಂದು ತುಳಿದು ನೆಲಸಮ ಮಾಡಿತ್ತು. ಇಬ್ಬರು ಹೆಂಗಸರಿಗೂ ಬೀದಿ ತುಂಬ ಜಗಳವಾಗಿ ಅಂದಿನಿಂದ ಮಾತೇ ನಿಂತಿತ್ತು. ಕೊನೆಗೆ ಗೆಡ್ಡೆ ಅಗೆದಾಗ ಇಡೀ ಹಿತ್ತಲಿನಲ್ಲಿ ಕೊಳೆಯದೆ ಉಳಿದಿದ್ದು ಆ ಮೂಲೆಯದು ಮಾತ್ರ. ಗೋಲಿ ಗಾತ್ರದ್ದೇ, ಆದರೆ ಕಲ್ಲಿನಂತೆ ಗಟ್ಟಿ. ಮೇಲೆ ಎಲೆಯೇ ಇಲ್ಲದಿದ್ದರೆ ಎಲೆಯ ರೋಗ ಮಳೆನೀರಿನ ಜೊತೆ ಮಣ್ಣಿಗಿಳಿಯುವುದಾದರೂ ಎಲ್ಲಿಂದ?

ಮೂರನೆಯ ಮುಂಗಾರಿಗೆ ಅವಳು ಗೂಟಗಳ ನಡುವೆಯೇ ಬಿತ್ತಿದಳು. ಎಲೆಗೆ ಗಾಳಿಯಾಡುವಂತೆ ಆಲೂಗೆಡ್ಡೆಯ ಸಾಲನ್ನು ಅಗಲ ಮಾಡಿ, ಎಲೆಯಿಂದ ಇಳಿದ ನೀರು ಗೆಡ್ಡೆಗೆ ತಾಗದಂತೆ ಬುಡಕ್ಕೆ ಮಣ್ಣನ್ನು ಮೊಳದೆತ್ತರ ಏರಿಸಿದಳು. ಟೊಮೆಟೊ ಸಸಿಗಳನ್ನು ಹಿತ್ತಲಿಗೆ ಹಾಕದೆ ಬ್ಯಾರನ್ನಿನ ಪಡುವಣ, ಮೂಡಣ ಗೋಡೆಗಳ ಸೂರಿನಡಿ ನೆಟ್ಟು, ಕೋಲು ಕೊಟ್ಟು ಮೇಲೆ ಕಟ್ಟಿ, ನೆಲಕ್ಕೆ ತಾಗುವ ಎಲೆ ಕಿತ್ತಳು. ಚೊಂಬಿನಲ್ಲಿ ಬುಡಕ್ಕೆ ಮಾತ್ರ ನೀರು.

ಅಷ್ಟರಲ್ಲಿ ಅವಳ ಅಣ್ಣ ನಂಜಣ್ಣ ಬಂದ. ಕೊಡಗಿನ ಕಾಫಿ ತೋಟವೊಂದರಲ್ಲಿ ಅವನು ಮೇಸ್ತ್ರಿ. ಅಲ್ಲಿ ಮೆಣಸಿನ ಬಳ್ಳಿಯ ಕೊಳೆರೋಗಕ್ಕೆ ಹೊಡೆಯುವ ನೀಲಿ ಹರಳಿನ ಮೈಲುತುತ್ತವನ್ನು ಪೊಟ್ಟಣ ಕಟ್ಟಿಕೊಂಡು ಬಂದಿದ್ದ. ತುತ್ತವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಅಷ್ಟೇ ತೂಕದ ಸುಣ್ಣವನ್ನು ಬೇರೆ ಬಕೆಟ್ಟಿನಲ್ಲಿ ಕರಗಿಸಿ ಒಟ್ಟು ಮಾಡಬೇಕು. ತಗಡಿನ ಪಾತ್ರೆ ಕೂಡದು ಎಂದು ಹೇಳಿಕೊಟ್ಟ. ಆಮೇಲೆ ಉಜ್ಜಿ ಬೆಳಗಿದ ಕುಡುಗೋಲನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಎಲೆ ಸುಡುತ್ತದೆ, ಕೂರದಿದ್ದರೆ ಹದ. ಭದ್ರಮ್ಮನ ಕುಡುಗೋಲು ಮೊದಲ ಸಲ ಕೆಂಪಾಯಿತು, ಸುಣ್ಣ ಸೇರಿಸಿದ ಮೇಲೆ ಬೆಳ್ಳಗೆ ಬಂತು. ಎಲೆಯ ಮೇಲೂ ಅಡಿಗೂ ಹೊಡೆದು ಮುಗಿಸುವ ಹೊತ್ತಿಗೆ ಹಿತ್ತಲೆಲ್ಲ ತಿಳಿನೀಲಿ.

ಬೇಲಿಯಾಚೆಯಿಂದ ಪುಟ್ಟಮಲ್ಲಮ್ಮ, ಗಿಡಕ್ಕೆ ಸುಣ್ಣಬಣ್ಣ ಬಳಿದಾಯಿತು, ಗೃಹಪ್ರವೇಶ ಯಾವತ್ತು ಎಂದು ಕೇಳಿದಳು. ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಔಷಧಿ ಕೆಲಸ ಮಾಡಿತು. ಊರಿನಲ್ಲಿ ಹಿತ್ತಲಿಗೆ ಹಾಕಿದ್ದ ಒಂದಿಬ್ಬರ ಗಿಡಗಳಲ್ಲಿ ಕಲೆ ಕಂಡಾಗಲೂ ಭದ್ರಮ್ಮನ ಹಿತ್ತಲು ಹಸಿರಾಗಿಯೇ ಇತ್ತು. ಆದರೆ ಶ್ರಾವಣದಲ್ಲಿ ಹಿಡಿದ ಸೋನೆ ಬಿಡಲೇ ಇಲ್ಲ. ಹೊಡೆದ ಔಷಧಿ ತೊಳೆದುಹೋಯಿತು; ಮತ್ತೆ ಹೊಡೆದರೆ ಎಲೆಗೆ ಹಿಡಿಯಲು ಅರ್ಧ ದಿನವಾದರೂ ಮಳೆ ನಿಲ್ಲಬೇಕು, ನಿಲ್ಲಲಿಲ್ಲ. ಓರೆಯಾಗಿ ಬೀಸಿದ ಮಳೆ ಸೂರಿನಡಿಗೂ ನುಗ್ಗಿ ಪಡುವಣ ಗೋಡೆಯ ಟೊಮೆಟೊ ಸಾಲು ಕಪ್ಪಾಯಿತು. ಉಳಿದದ್ದು ಮೂಡಣದ ಸಾಲು. ಒಂದು ಬೆಳಿಗ್ಗೆ ಆಲೂಗೆಡ್ಡೆಯ ಎಲೆ ತಿರುವಿದರೆ, ಬಿಸಿನೀರು ಚೆಲ್ಲಿದಂಥ ಅದೇ ಕಲೆ. ಅಡಿಯಲ್ಲಿ ಬಿಳಿ ಬೂಷ್ಟಿನ ಅಂಚು.

ಗಿಡಗಳು ಇನ್ನೂ ಸೊಂಪಾಗಿದ್ದವು. ಕಲೆ ಇದ್ದದ್ದು ಬೆರಳೆಣಿಕೆಯ ಎಲೆಗಳಲ್ಲಿ. ಇನ್ನೊಂದು ವಾರ ಬಿಟ್ಟರೆ ಗೆಡ್ಡೆ ಇನ್ನಷ್ಟು ದಪ್ಪವಾದೀತು ಎಂದು ಕೈ ಹಿಂದೆಗೆಯಿತು. ಬಿಟ್ಟರೆ ಏನಾಗುತ್ತದೆಂದು ಎರಡು ವರ್ಷ ಕಂಡದ್ದೂ ನೆನಪಾಯಿತು. ಅವಳು ಒಳಗೆ ಹೋಗಿ ಕುಡುಗೋಲು ತಂದಳು. ಸೆರಗು ಸಿಕ್ಕಿಸಿ, ಗೂಟದ ಪಕ್ಕದ ಮೊದಲ ಸಾಲಿನಿಂದ ಹಸಿರು ಗಿಡಗಳನ್ನು ಬುಡಕ್ಕೆ ಕೊಯ್ಯತೊಡಗಿದಳು.

“ಅಯ್ಯೋ, ಹಸುರು ಪೈರ ಕುಯ್ತಾವ್ಳಲ್ಲ!” ಪುಟ್ಟಮಲ್ಲಮ್ಮ ಬೇಲಿಗೆ ಓಡಿಬಂದಳು. “ಭದ್ರಿ, ತಲೆಗಿಲೆ ಕೆಟ್ಟದಾ ಹೆಂಗೆ?”

“ನಿಮ್ಮೆಮ್ಮೆ ಮಾಡಿದ ಕೆಲ್ಸ ನಾನು ಮಾಡ್ತಾವ್ನಿ ಕಣಕ್ಕ,” ಎಂದಳು ಭದ್ರಮ್ಮ, ತಲೆ ಎತ್ತದೆ.

ಕೊಯ್ದ ಸೊಪ್ಪನ್ನು ತಿಪ್ಪೆಗೆ ಹಾಕುವುದು ಎಲ್ಲರ ವಾಡಿಕೆ. ತಿಪ್ಪೆಗೆ ಹೋದದ್ದು ಗೊಬ್ಬರದ ಜೊತೆ ಹಿತ್ತಲಿಗೇ ಮರಳುತ್ತದಲ್ಲ ಎಂದು ಅವಳು ಎಲ್ಲವನ್ನೂ ದೂರ ಹೊತ್ತು, ಗುಂಡಿ ತೋಡಿ ಮುಚ್ಚಿದಳು. ಒಲೆಯ ಹೊಗೆಗೆ ಕೆಂಪಾದ ಕಣ್ಣಿನಲ್ಲಿ ದೊಡ್ಡಬೀರಯ್ಯ ಬಂದು ನೋಡಿದಾಗ ನಾಲ್ಕು ಗೂಟಗಳ ನಡುವೆ ಬರೀ ಮಣ್ಣಿನ ದಿಂಡು.

“ಅಂದ್ರೆ ಸೋತೆ ಅಂತ ತಾನೆ?” ಅವನ ದನಿಯಲ್ಲಿ ಗೆದ್ದ ಖುಷಿಯಿರಲಿಲ್ಲ.

“ಗೆಡ್ಡೆ ಮಣ್ಣೊಳಗದೆ. ಹಬ್ಬ ಇನ್ನೂ ಬಂದಿಲ್ಲ,” ಎಂದಳು.

ಬುಡ ಒಣಗಿ, ಗೆಡ್ಡೆಯ ಸಿಪ್ಪೆ ಬಲಿಯಲು ಎರಡು ವಾರ ಬೇಕು. ಆ ದಿನಗಳಲ್ಲಿ ಊರಿಗೆ ಇದೇ ಮಾತು. ಭದ್ರಮ್ಮ ದಿನವೂ ಎಲೆ ಕಟ್ಟಿದಳು, ಮೂಡಣ ಸಾಲಿನ ಟೊಮೆಟೊ ಕೆಂಪಾಗುವುದನ್ನು ನೋಡಿದಳು, ಹಿತ್ತಲಿನ ಮಣ್ಣನ್ನು ಮಾತ್ರ ಮುಟ್ಟಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಮಳೆ ಬಿಟ್ಟಿತ್ತು. ದೊಡ್ಡಬೀರಯ್ಯ ಗುದ್ದಲಿ ಹಿಡಿದ. ತನ್ನ ಕಣ್ಣಿನಿಂದಲೇ ಕಾಣಬೇಕೆಂದು. ಪುಟ್ಟಮಲ್ಲಮ್ಮ ಕರೆಯದೆಯೇ ಬೇಲಿ ದಾಟಿ ಬಂದಳು. ಮೊದಲ ದಿಂಡು ಒಡೆದಾಗ ಭದ್ರಮ್ಮ ಮಣ್ಣೊಳಗೆ ಕೈ ಹಾಕಿದಳು. ಬೆರಳಿಗೆ ತಾಕಿದ್ದು ಮೆತ್ತಗೆ, ಲೋಳೆಯಾಗಿ ಕೊಳೆತದ್ದು. ದೊಡ್ಡಬೀರಯ್ಯ ಗುದ್ದಲಿಯನ್ನು ನೆಲಕ್ಕೂರಿದ.

ಅವಳು ಅದನ್ನು ಬೆಳಕಿಗೆ ಹಿಡಿದಳು. ಒಂದು ಕಡೆ ಕತ್ತಿಯಲ್ಲಿ ಸೀಳಿದ ಗುರುತಿತ್ತು. ಬಿತ್ತುವಾಗ ತಾನೇ ಕೊಯ್ದು ಹಾಕಿದ ಬೀಜದ ಹೋಳು! ಗಿಡಕ್ಕೆ ಹಾಲೂಡಿಸಿ ಮುಗಿದ ಮೇಲೆ ಅದು ಕೊಳೆಯಬೇಕಾದದ್ದೇ. ಮತ್ತೆ ಕೈ ಹಾಕಿದಳು. ಈ ಸಲ ಗಟ್ಟಿ. ಒಂದು, ಪಕ್ಕದಲ್ಲೇ ಇನ್ನೊಂದು, ಅದರಡಿ ಮುಷ್ಟಿ ಗಾತ್ರದ ಮೂರು. ಉಗುರಿನಲ್ಲಿ ಉಜ್ಜಿದರೂ ಸಿಪ್ಪೆ ಏಳಲಿಲ್ಲ. ದೊಡ್ಡಬೀರಯ್ಯ ಒಂದನ್ನು ಇಸಿದುಕೊಂಡು ಕುಡುಗೋಲಿನಿಂದ ಎರಡು ಹೋಳು ಮಾಡಿದ. ಒಳಗೆಲ್ಲ ಬೆಣ್ಣೆಯ ಬಣ್ಣ.

ಆಮೇಲೆ ಅವನು ಗುದ್ದಲಿ ನಿಲ್ಲಿಸಲೇ ಇಲ್ಲ. ಕುಕ್ಕೆಗಳು ತುಂಬಿ, ಗೋಣಿ ಬಂದು, ಅವೂ ತುಂಬಿದವು. ಅಲ್ಲೊಂದು ಇಲ್ಲೊಂದು ಕಂದು ಗೆಡ್ಡೆ ಸಿಕ್ಕಿತು. ಅವನ್ನು ಬೇರೆ ಹಾಕಿದರು. ಪುಟ್ಟಮಲ್ಲಮ್ಮ ಸೆರಗೊಡ್ಡಿ ನಿಂತು ಹೇಳಿದಳು: “ನಮ್ಮೆಮ್ಮೆ ಪಾಲು ಇತ್ತಗೆ ಹಾಕವ್ವ. ಇದ್ಯೆ ಹೇಳ್ಕೊಟ್ಟಿದ್ದು ಅದೇ ಅಲ್ವಾ?” ಭದ್ರಮ್ಮ ನಗುತ್ತ ಎರಡು ಬೊಗಸೆ ಹೆಚ್ಚಾಗಿಯೇ ಹಾಕಿದಳು. ಮುಂದಿನ ವರ್ಷಗಳಲ್ಲಿ ಕಲೆ ಕಂಡ ದಿನವೇ ಕುಡುಗೋಲು ಹುಡುಕುವ ಹೆಂಗಸರು ಆ ಬೀದಿಯಲ್ಲಿ ಹೆಚ್ಚಾದರು; ಅವರಲ್ಲಿ ಮೊದಲನೆಯವಳು ಪುಟ್ಟಮಲ್ಲಮ್ಮನೇ.

ಹಬ್ಬದ ದಿನ ಹಿತ್ತಲಿನ ಗೆಡ್ಡೆ, ಬ್ಯಾರನ್ನಿನ ಸೂರಿನಡಿಯ ಟೊಮೆಟೊ ಒಂದೇ ಪಾತ್ರೆಯಲ್ಲಿ ಬೆಂದವು. ದೊಡ್ಡಬೀರಯ್ಯ ಎರಡು ಸಲ ಬಡಿಸಿಕೊಂಡ. ಊಟ ಚೆನ್ನಾಗಿದೆಯೆಂದು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಮಾರನೆಯ ದಿನ ಗಾರೆ ಕೆಲಸದ ಚಾಮಯ್ಯ ಬಂದಾಗ ದೊಡ್ಡಬೀರಯ್ಯ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗದೆ ಮನೆಯ ಮುಂದಿನ ಸೌದೆ ರಾಶಿಯ ಜಾಗ ತೋರಿಸಿದ. ಸೌದೆಯನ್ನು ಬೇರೆಡೆ ಒಟ್ಟಿದರಾಯಿತು, ಬ್ಯಾರನ್ನು ಇಲ್ಲಿಯೇ ಏಳಲಿ ಎಂದ. ಹಗ್ಗ ಹಿಡಿದು ಅಳತೆ ಮುಗಿಯುವ ಹೊತ್ತಿಗೆ ಅವನಿಗೆ ಇನ್ನೊಂದು ನೆನಪಾಯಿತು.

“ಮೂಡ್ಲ ಕಡೀಕೆ ಸೂರ ಒಂದು ಮೊಳ ಮುಂದಕ್ಕೆ ಬುಡು ಚಾಮಯ್ಯ.”

“ಯಾಕಣ್ಣ, ಸೌದೆ ನೆನೀದಂಗಾ?”

“ಸೌದೆಗಲ್ಲ ಕಣೋ, ಟೊಮೆಟೊಗೆ.”

ಹಿತ್ತಲಿನಲ್ಲಿ ಭದ್ರಮ್ಮ ಆ ಮಾತು ಕೇಳಿಸಿಕೊಂಡಳು. ಮಳೆಗೆ ನೆನೆದ ಮಣ್ಣು ಮೆತ್ತಗಿತ್ತು. ನಾಲ್ಕು ಗೂಟಗಳನ್ನೂ ಅಲುಗಾಡಿಸಿ ಕಿತ್ತು, ಬ್ಯಾರನ್ನಿನ ಪಕ್ಕಕ್ಕೆ ಒಯ್ದು, ಹಣ್ಣಿನ ಭಾರಕ್ಕೆ ಬಾಗಿದ್ದ ನಾಲ್ಕು ಟೊಮೆಟೊ ಗಿಡಗಳಿಗೆ ಊರುಗೋಲಾಗಿ ನೆಟ್ಟಳು.