ಖಂಡೆ ಪೂಜೆಯ ಕಂಪ್ಯೂಟರ್

ಓಣಿಗೆಲ್ಲ ಒಂದೇ ಕಂಪ್ಯೂಟರ್ ಇದ್ದ ಕಾಲ ಅದು. ಆ ಒಂದು ನಮ್ಮ ಮನೆಯದೆಂಬ ಸೊಕ್ಕು ನನಗೆ. ಹತ್ತಿಮತ್ತೂರಿನಲ್ಲಿ ಮಾಸ್ತರನಾಗಿದ್ದ ಅಪ್ಪ ಯಾರೋ ಬಳಸಿ ಬಿಟ್ಟದ್ದನ್ನು ತಂದಿದ್ದ. ಏಳನೆಯ ಇಯತ್ತೆಯ ನಾನು ಶಾಲೆಯಿಂದ ಬಂದವಳೇ ಪಾಟಿಚೀಲ ಒಗೆದು ಅದರ ಮುಂದೆ ಕುಳಿತರೆ, ಅವ್ವ ಊಟಕ್ಕೆ ಮೂರು ಸಲ ಕರೆಯಬೇಕಿತ್ತು.

ಆ ವರ್ಷದ ದಸರೆಯಲ್ಲಿ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಕುಡುಗೋಲು, ಸೈಕಲ್ಲುಗಳ ಜೊತೆ ಅದಕ್ಕೂ ವಿಭೂತಿ ಬಳಿದೆ, ಚೆಂಡುಹೂ ಏರಿಸಿದೆ. ಒಡೆದ ಕಾಯಿಯ ನೀರನ್ನು ಪೂಜೆಗಿಟ್ಟ ಎಲ್ಲದಕ್ಕೂ ಚಿಮುಕಿಸುವುದು ನಮ್ಮ ಪದ್ಧತಿ. ಕಂಪ್ಯೂಟರಿನ ಡಬ್ಬಿಗೂ ಭಕ್ತಿಯಿಂದ ಚಿಮುಕಿಸಿದೆ. ಮರುದಿನ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಕುಂಯ್ ಕುಂಯ್ ಎಂದು ಒದರಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು.

"ಕಾಯಿನೀರು ಒಳಗ ಇಳದಿರಬೇಕವ್ವ," ಅಂದ ಅಪ್ಪ.

ಕೆಡಿಸಿದವಳು ನಾನೇ. ವೈರುಗಳನ್ನು ಕಿತ್ತು ಮತ್ತೆ ಸಿಗಿಸಿದೆ, ಬೇರೆ ಪ್ಲಗ್ಗಿಗೆ ಹಾಕಿ ನೋಡಿದೆ, ಮುಚ್ಚಳ ಬಿಚ್ಚಿ ಬ್ರಶ್ಶಿನಿಂದ ಧೂಳು ಝಾಡಿಸಿ ಬಿಸಿಲಿಗಿಟ್ಟೆ. ಅಪ್ಪ ಪಕ್ಕದಲ್ಲೇ ನಿಂತು ಸ್ಕ್ರೂ ಹಿಡಿದುಕೊಳ್ಳುತ್ತಿದ್ದ. ಒಳಗೆ ಏನೇನಿರಬೇಕೆಂದು ಗೊತ್ತಿದ್ದರಲ್ಲವೇ ಏನಿಲ್ಲವೆಂದು ತಿಳಿಯುವುದು! ಕೊನೆಗೆ, ಅದು ಶುರುವಾಗುವವರೆಗೆ ನನಗೆ ಪ್ರಾಣವಾಗಿದ್ದ ಖಾರಾ ಕುರುಕಲನ್ನು ತಿನ್ನುವುದಿಲ್ಲವೆಂದು ಹರಕೆ ಹೊತ್ತೆ. ಸವಣೂರಿನ ಖಾರಾ ಬಿಡುವುದೆಂದರೆ ಏನೆಂದು ತಿಂದವರಿಗಷ್ಟೇ ಗೊತ್ತು. ಪ್ರತಿ ಸಂತೆಯ ದಿನ ಎಣ್ಣೆ ಹತ್ತಿದ ಪೊಟ್ಟಣ ಬಿಚ್ಚುತ್ತಿದ್ದ ಅಪ್ಪ ಒಮ್ಮೆಯೂ ಹರಕೆ ಬಿಡು ಎನ್ನಲಿಲ್ಲ. ದಿನಾ ಸಂಜೆ ದೇವರ ಕೋಣೆಯ ಜಗಲಿಯ ಮೇಲಿನ ದೇವರಿಗೆ ದೀಪ ಹಚ್ಚಿ ತಪ್ಪೊಪ್ಪಿಕೊಳ್ಳುತ್ತಿದ್ದೆ.

ಸಂಕ್ರಾಂತಿ ದಾಟಿದ ಮೇಲೆ ನಮ್ಮ ಟಿವಿ ರಿಪೇರಿಗೆಂದು ಸವಣೂರಿನಿಂದ ಖಾದರ್ ಚಾಚಾ ಬಂದ. ಕಾಡಿ ಬೇಡಿ ಕಂಪ್ಯೂಟರನ್ನೂ ತೋರಿಸಿದೆ. ಮುಚ್ಚಳ ಬಿಚ್ಚಿ ಬಗ್ಗಿ ನೋಡಿ ನಕ್ಕ.

"ಇದು ಕೆಟ್ಟಿಲ್ಲ ಬೇಟಿ. ಮೆಮರಿ ಪಟ್ಟೀನ ಇಲ್ಲ ಇದರಾಗ. ಯಾರೋ ತಗದಾರ."

ಅಪ್ಪನ ಮುಖ ನೋಡಿದೆ. ಅಪ್ಪ ಎದ್ದು ಹೋಗಿ, ಜಗಲಿಯ ಮೇಲೆ ದೇವರಿಗೆ ಹಾಸಿದ್ದ ಬಟ್ಟೆಯ ಕೆಳಗಿನಿಂದ ಅಂಗೈ ಉದ್ದದ ಹಸಿರು ಪಟ್ಟಿ ತಂದು ಚಾಚಾನ ಕೈಗಿಟ್ಟ. ಪರೀಕ್ಷೆ ಮುಗಿದ ಮೇಲೆ ತಾನೇ ಹಾಕುವವನಿದ್ದನಂತೆ.

"ಅಭ್ಯಾಸ ಬಿಟ್ಟು ಅದರ ಮುಂದ ಕುಂದರ್ತಿದ್ದಿ. ನಿನ್ನ ಚೊಲೋದಕ್ಕ ಮಾಡೇನವ್ವ," ಅಂದ.

"ಕುಂದರಬ್ಯಾಡ ಅಂದಿದ್ರ ಕುಂದರ್ತಿದ್ದಿಲ್ಲಪ್ಪ. ನಾ ಕೆಡಿಸೇನಿ ಅಂತ ಯಾಕ ನಂಬಿಸಿದಿ?"

ಚಾಚಾ ಪಟ್ಟಿ ಕೂರಿಸಿ ಗುಂಡಿ ಒತ್ತಿದ. ಪರದೆ ಬೆಳಗಿತು, ಅವ್ವ ಖಾರಾ ತಂದು ಮುಂದಿಟ್ಟಳು. ಒಂದು ಕಾಳೂ ಮುಟ್ಟದೆ ಅಪ್ಪನತ್ತ ಸರಿಸಿದೆ. ಕಳವಿನ ಮಾಲನ್ನು ಬುಡದಲ್ಲಿಟ್ಟುಕೊಂಡ ದೇವರಿಗೇ ಮೂರು ತಿಂಗಳು ಕೈಮುಗಿದಿದ್ದೆನಲ್ಲ!

ಈಗ ನಾನು ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಹಳೆಯವು ಕುಂಯ್ ಎಂದರೆ ಪಟ್ಟಿ ತೆಗೆದು, ರಬ್ಬರಿನಿಂದ ತಿಕ್ಕಿ ಕೂರಿಸುತ್ತೇನೆ. ಬಹಳಷ್ಟು ಸಲ ಶುರುವಾಗಿಬಿಡುತ್ತವೆ. ಅಪ್ಪ ನನ್ನ ಜೊತೆಗೇ ಇದ್ದಾನೆ, ಅವನ ಮೇಲಿನ ಸಿಟ್ಟು ಎಂದೋ ಇಳಿದಿದೆ. ಮೊನ್ನೆ, "ಗುಳಿಗಿ ತೊಗೊಂಡೇನವ್ವ," ಅಂದ. ಹೂಂ ಅಂದೆ. ಅವನು ಹೊರಗೆ ಹೋದ ಮೇಲೆ ಡಬ್ಬಿ ಬಿಚ್ಚಿ ಉಳಿದ ಗುಳಿಗೆ ಎಣಿಸಿದೆ.